ಕಲೆಕ್ಟ್ ಬರೆಯುವ ಮುಂಚೆ ಕ್ವೆರಿ ಓದಿ

ಪ್ರಶ್ನೆ: ನೂರು ಕಾಫಿ ತೋಟಗಳ 20 ವರ್ಷದ ದಿನದಿನದ ಮಳೆ ಲೆಕ್ಕ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿದೆ. ಸೆಂಟನ್ನು (ಇಂಚಿನ ನೂರನೇ ಒಂದು ಭಾಗ) ಮಿಲಿಮೀಟರ್ ಮಾಡಲು ಆರ್ ಎಂಬ ಲೆಕ್ಕದ ಭಾಷೆಯಲ್ಲಿ ಬರೆದ ನನ್ನ ಫಂಕ್ಷನ್ನನ್ನು, ಆರ್ ಕೋಡನ್ನು ಡೇಟಾಬೇಸಿಗೆ ದಾಟಿಸುವ ಡಿಬಿಪ್ಲೈಆರ್ ಮೂಲಕ ಕೊಟ್ಟರೆ ‘ಅಂಥ ಫಂಕ್ಷನ್ ಇಲ್ಲ’ ಅನ್ನುತ್ತದೆ. ಮೊದಲೇ ಎಲ್ಲಾ ಕಲೆಕ್ಟ್ ಮಾಡಿಕೋ, ಅಂದರೆ ಲ್ಯಾಪ್‌ಟಾಪಿಗೆ ಇಳಿಸಿಕೋ ಅಂತಾರೆ ಗೆಳೆಯರು. ಮಾಡಲೇ?
– ಓದುಗರು, ಮೂಡಿಗೆರೆ

ಬೇಡ. ಚಿಕ್ಕಮಗಳೂರಿನಲ್ಲಿ ನನ್ನ ಹತ್ತಿರ ಕಲಿಯಲು ಬರುವವರೂ ಇದನ್ನೇ ಕೇಳುತ್ತಾರೆ, ಇದೇ ಕೆಟ್ಟ ಸಲಹೆ ಹಿಡಿದುಕೊಂಡು. ನಿಮ್ಮ ಫಂಕ್ಷನ್ ಡೇಟಾಬೇಸಿಗೆ ಹೋಗುವುದೇ ಇಲ್ಲ. ಹೋಗುವುದು ಅದರ ಹೆಸರು ಮಾತ್ರ. ಡಿಬಿಪ್ಲೈಆರ್ ತನಗೆ ಗೊತ್ತಿರುವುದನ್ನು ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್‌ಗೆ ತಿರುಗಿಸುತ್ತದೆ: ಸರಾಸರಿ ತೆಗೆಯುವ ಮೀನ್ ಇದ್ದದ್ದು ಎವಿಜಿ ಆಗುತ್ತದೆ, ಲಾಗ್ ಇದ್ದದ್ದು ಎಲ್‌ಎನ್. ಗೊತ್ತಿಲ್ಲದ ಹೆಸರನ್ನು ಹಾಗೇ ದಾಟಿಸುತ್ತದೆ. ಪೋಸ್ಟ್‌ಗ್ರೆಸ್ ಹುಡುಕಿ, ಸಿಗದೆ, ಕೈ ಚೆಲ್ಲುತ್ತದೆ. ಹೊಸ ಕಾಲಂ ಕಟ್ಟುವ ಮ್ಯುಟೇಟ್ ಒಳಗೇ ‘ಸೆಂಟ್ ಗುಣಿಸು 0.254’ ಅಂತ ಬರೆಯಿರಿ, ಮುಗಿಯಿತು. ಇಷ್ಟಕ್ಕೆ ಪಿಎಲ್/ಆರ್ ಹಾಕಿಸಿ ಸರ್ವರ್ ಒಳಗೆ ಆರ್ ಓಡಿಸಲು ಹೋಗಬೇಡಿ. ಅಲ್ಲಿ ಬರೆದ ಕೋಡಿಗೆ ಕಡಿವಾಣವಿಲ್ಲ, ನಾನಂತೂ ಬಿಡುವುದಿಲ್ಲ.

ಮೊದಲೇ ಕಲೆಕ್ಟ್ ಮಾಡಿದರೆ ಸುಮಾರು 7,30,000 ಸಾಲು ನಿಮ್ಮ ಲ್ಯಾಪ್‌ಟಾಪಿಗೆ ಬರುತ್ತದೆ. ತಿಂಗಳ ಮೊತ್ತ ಡೇಟಾಬೇಸಿನಲ್ಲೇ ಹಾಕಿಸಿ ತಂದರೆ 24,000.

ಎರರ್ ಬಂದದ್ದು ನಿಮ್ಮ ಪುಣ್ಯ. ಎರರ್ ಇಲ್ಲದೆ ಬರುವ ತಪ್ಪಿಗೆ ನಾನು ಹೆದರುತ್ತೇನೆ. ಮಾರ್ಚ್‌ನ 31 ದಿನದಲ್ಲಿ 4 ದಿನ ಹೂಮಳೆ ಬಿತ್ತು ಅನ್ನಿ. ಮಳೆ ಬಿದ್ದ ದಿನಕ್ಕೆ 1, ಇಲ್ಲದ್ದಕ್ಕೆ 0 ಇರುವ ಕಾಲಂನ ಮೊತ್ತವನ್ನು ದಿನದ ಎಣಿಕೆಯಿಂದ ಭಾಗಿಸಿದರೆ ಆರ್‌ನಲ್ಲಿ 0.129. ಅದೇ ಸಾಲು ಪೋಸ್ಟ್‌ಗ್ರೆಸ್‌ನಲ್ಲಿ ಓಡಿದರೆ ಸೊನ್ನೆ, ಏಕೆಂದರೆ ಅಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಪೂರ್ಣಾಂಕವೇ ಬರುವುದು. ನನ್ನ ಒಂದು ವರದಿಯಲ್ಲೇ ಈ ಸೊನ್ನೆ ಎರಡು ವಾರ ಯಾರ ಕಣ್ಣಿಗೂ ಬೀಳದೆ ಕೂತಿತ್ತು. ಮೊತ್ತಕ್ಕೆ ಆಸ್ ನ್ಯೂಮೆರಿಕ್ ಹಾಕಿ, ಅಂದರೆ ದಶಮಾಂಶ ಹಿಡಿಯುವ ಸಂಖ್ಯೆ ಮಾಡಿ ಭಾಗಿಸಿ. ಪ್ರತಿ ಸಲವೂ ಶೋ ಕ್ವೆರಿ ಕೊಟ್ಟು ಹೊರಟ ಎಸ್‌ಕ್ಯೂಎಲ್ ಕಣ್ಣಾರೆ ಓದಿ, ಒಂದು ತೋಟದ ಒಂದು ತಿಂಗಳನ್ನು ಕೈಯಲ್ಲಿ ಲೆಕ್ಕ ಹಾಕಿ ತಾಳೆ ನೋಡಿ.

ಪ್ರಶ್ನೆ: ಎಲ್ಲವನ್ನೂ ಎಕ್ಸೆಲ್‌ನಲ್ಲೇ ಇಡಬಹುದಲ್ಲ?
ಒಂದು ಶೀಟಿಗೆ 10,48,576 ಸಾಲು, ಅಷ್ಟೇ. ಇನ್ನು ಹತ್ತು ವರ್ಷಕ್ಕೆ ಎಲ್ಲಿಡುತ್ತೀರಿ?

ಪ್ರಶ್ನೆ: ಸ್ಯಾಸ್ ಎಂಬ ಅಂಕಿಅಂಶದ ಸಾಫ್ಟ್‌ವೇರಿನಲ್ಲಿ ‘10ಕ್ಕಿಂತ ಕಡಿಮೆ’ ಅಂದಾಗ ಬಂದಷ್ಟು ಸಾಲು ಡೇಟಾಬೇಸಿನಿಂದ ಬರುತ್ತಿಲ್ಲ. – ಹಾಸನ
ಸ್ಯಾಸ್‌ಗೆ ಖಾಲಿ ಬೆಲೆಯೆಂದರೆ ಎಲ್ಲಕ್ಕಿಂತ ಚಿಕ್ಕ ಸಂಖ್ಯೆ, ಡೇಟಾಬೇಸಿನ ಖಾಲಿ, ಅಂದರೆ ನಲ್, ಯಾವ ಹೋಲಿಕೆಗೂ ಸಿಗುವುದಿಲ್ಲ. ಖಾಲಿ ಬೇಕೋ ಬೇಡವೋ, ನೀವೇ ಬಾಯಿಬಿಟ್ಟು ಬರೆಯಿರಿ.

ಪ್ರಶ್ನೆ: ಯಾವ ಕೋಡ್ ಕೊಟ್ಟರೂ ತಾನೇ ಡೇಟಾಬೇಸ್ ಒಳಗೆ ಓಡಿಸುವ ಟೂಲ್ ಅಂತ ಒಬ್ಬರು ಮಾರುತ್ತಿದ್ದಾರೆ.
ದುಡ್ಡು ಕೊಡಬೇಡಿ.