ಪಕ್ಕದ ಮನೆಯ ನಾಯಿಯನ್ನು ಹಗಲೂ ರಾತ್ರಿಯೂ ಕಟ್ಟಿಹಾಕಿದ್ದಾರೆ, ನಾನು ಏನು ಮಾಡಬಹುದು?

ನಿಮ್ಮ ಅಡುಗೆಮನೆಯ ಕಿಟಕಿಗೆ ಕಾಣುವ ಹಿತ್ತಲಿನಲ್ಲಿ ಒಂದು ನಾಯಿಯನ್ನು ಸದಾ ಗಿಡ್ಡ ಸರಪಳಿಯಲ್ಲಿ ಕಟ್ಟಿರುತ್ತಾರೆ, ಅದರ ನೀರಿನ ಪಾತ್ರೆ ಎಷ್ಟೋ ಹೊತ್ತು ಬರಿದಾಗಿರುತ್ತದೆ, ಆ ಮನೆಯವರ ಪರಿಚಯ ನಿಮಗಿಲ್ಲ, ಮೇಲಾಗಿ ನೀವು ಬಾಡಿಗೆಗಿರುವವರು ಎಂದು ಬರೆದಿದ್ದೀರಿ. ಪೊಲೀಸರಿಗೆ ಹೇಳಬೇಕೇ, ಯಾವುದಾದರೂ ಸಂಸ್ಥೆಯವರನ್ನು ಕರೆಸಬೇಕೇ, ಅಥವಾ ರಾತ್ರಿ ಹೋಗಿ ಬಿಚ್ಚಿಬಿಡಬೇಕೇ ಎಂಬುದು ನಿಮ್ಮ ಪ್ರಶ್ನೆ. ಮೊದಲು ಹೋಗಬೇಕಾದದ್ದು ಆ ಮನೆಯ ಬಾಗಿಲಿಗೆ, ಅದಕ್ಕೂ ಮುಂಚೆ ಕೆಲವು ದಿನ ಸರಿಯಾಗಿ ನೋಡಬೇಕು ಎಂಬುದು ನನ್ನ ಉತ್ತರ. ಮೈಸೂರಿನ ನಮ್ಮ ಬಡಾವಣೆಯಲ್ಲಿ ನಾನೂ ನೆರೆಯ ಇನ್ನಿಬ್ಬರೂ ಇಂಥ ನಾಯಿಗಳ ಮೇಲೆ ಹಲವು ವರ್ಷಗಳಿಂದ ಕಣ್ಣಿಟ್ಟಿದ್ದೇವೆ. ಮಾಲೀಕರಿಗೆ ಶಿಕ್ಷೆ ಕೊಡಿಸುವುದಕ್ಕಿಂತ ಆ ನಾಯಿಯ ನಾಳೆಯ ದಿನವನ್ನು ಇವತ್ತಿಗಿಂತ ಹಗುರ ಮಾಡುವುದೇ ಗುರಿಯಾಗಿರಬೇಕು ಎಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ನೋಡುವುದೆಂದರೆ ಮರುಗುತ್ತಾ ನಿಲ್ಲುವುದಲ್ಲ. ಸರಪಳಿ ಎಷ್ಟು ಉದ್ದವಿದೆ, ಅದು ಎಟಕುವಷ್ಟು ಜಾಗದಲ್ಲಿ ಬೆಳಿಗ್ಗೆ ನೆರಳು ಎಲ್ಲಿರುತ್ತದೆ, ಮಧ್ಯಾಹ್ನ ಎರಡು ಗಂಟೆಗೆ ಎಲ್ಲಿರುತ್ತದೆ ಎಂಬುದನ್ನು ಗಮನಿಸಿ. ಬೆಳಿಗ್ಗೆ ಮರದ ಕೆಳಗೆ ಹಾಯಾಗಿ ಮಲಗಿದಂತೆ ಕಾಣುವ ನಾಯಿ, ಬಿಸಿಲು ತಿರುಗಿದ ಮೇಲೆ ಕಾದ ಸಿಮೆಂಟಿನ ಮೇಲೆ ನಿಂತಿರಬಹುದು. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ಬಿಟ್ಟೇ ಮೈಯ ಕಾವನ್ನು ಇಳಿಸಿಕೊಳ್ಳಬೇಕು, ಅದಕ್ಕೆ ನೀರು ಬೇಕು. ಹಾಗಾಗಿ ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಬರಿದಾದ ಪಾತ್ರೆ, ಅಥವಾ ಸರಪಳಿಗೆ ಸಿಕ್ಕಿ ಮಗುಚಿದ ಪಾತ್ರೆ, ಸಣ್ಣ ವಿಷಯವಲ್ಲ. ಪಕ್ಕೆಲುಬು ಮತ್ತು ಸೊಂಟದ ಮೂಳೆ ಎದ್ದು ಕಾಣುತ್ತಿವೆಯೇ, ಕಿವಿಯ ಒಳಗೂ ಬೆರಳುಗಳ ಸಂದಿನಲ್ಲೂ ರಕ್ತ ಹೀರುವ ಉಣ್ಣಿಗಳಿವೆಯೇ, ನಡೆದು ಸವೆಯದೆ ಉಗುರುಗಳು ಬಾಗಿ ಬೆಳೆದಿವೆಯೇ ಎಂದು ನೋಡಿ. ಎಲ್ಲಕ್ಕಿಂತ ಮುಖ್ಯವಾದದ್ದು ಕುತ್ತಿಗೆ. ಮರಿಯಾಗಿದ್ದಾಗ ಹಾಕಿದ ಕೊರಳಪಟ್ಟಿಯನ್ನು ಬದಲಿಸದೇ ಬಿಟ್ಟರೆ, ನಾಯಿ ಬೆಳೆದಂತೆ ಅದು ಚರ್ಮವನ್ನು ಸೀಳಿ ಒಳಗೆ ಹೂತುಕೊಳ್ಳುತ್ತದೆ. ಕೂದಲು ಮುಚ್ಚಿರುವುದರಿಂದ ಮನೆಯವರ ಕಣ್ಣಿಗೂ ಅದು ಬಿದ್ದಿರುವುದಿಲ್ಲ. ಆ ಗಾಯದ ಮೇಲೆ ನೊಣ ಕೂತರೆ ಎರಡು ಮೂರು ದಿನಗಳಲ್ಲೇ ಹುಳು ಬೀಳಬಹುದು. ಕೆಟ್ಟ ವಾಸನೆ, ಕುತ್ತಿಗೆಯನ್ನು ಸದಾ ಒಂದೇ ಕಡೆಗೆ ವಾಲಿಸುವುದು, ತಲೆ ಮುಟ್ಟಲು ಬಿಡದಿರುವುದು ಇದರ ಲಕ್ಷಣಗಳು. ಕಂಡದ್ದನ್ನು ದಿನಾಂಕ, ಹೊತ್ತು ಸಮೇತ ಬರೆದಿಡಿ, ನಿಮ್ಮ ಕಿಟಕಿಯಿಂದಲೋ ರಸ್ತೆಯಿಂದಲೋ ಫೋಟೋ ತೆಗೆಯಿರಿ, ಅವರ ಕಾಂಪೌಂಡಿನೊಳಗೆ ಮಾತ್ರ ಹೇಳದೆ ಕೇಳದೆ ಕಾಲಿಡಬೇಡಿ.

ಬಾಗಿಲು ತಟ್ಟುವ ಮೊದಲು, ಜನ ನಾಯಿಯನ್ನು ಏಕೆ ಕಟ್ಟುತ್ತಾರೆ ಎಂಬುದನ್ನು ಸ್ವಲ್ಪ ಯೋಚಿಸಿ. ಕ್ರೌರ್ಯಕ್ಕಾಗಿಯೇ ಕಟ್ಟಿದವರನ್ನು ನಾನು ಕಂಡದ್ದು ಬಹಳ ಕಡಿಮೆ. ಮಗ ಹಟ ಮಾಡಿ ಮರಿ ತಂದು ಓದಿಗೋ ಕೆಲಸಕ್ಕೋ ಬೇರೆ ಊರಿಗೆ ಹೋಗಿರುತ್ತಾನೆ. ಉಳಿದ ವಯಸ್ಸಾದ ತಂದೆತಾಯಿಗೆ ಮೂವತ್ತು ಕಿಲೋ ತೂಗುವ ನಾಯಿಯನ್ನು ಹಿಡಿದು ನಡೆಸಲು ಕೈಲಾಗುವುದಿಲ್ಲ. ಕಟ್ಟಡ ಕಟ್ಟುವ ಸೈಟಿನಲ್ಲಿ ಕಾವಲಿಗೆಂದು ತಂದ ನಾಯಿಗೆ ಊಟ ಹಾಕಬೇಕಾದವನು ಮೇಸ್ತ್ರಿಯೋ ವಾಚ್‌ಮನ್ನೋ ಎಂಬುದೇ ನಿರ್ಧಾರವಾಗಿರುವುದಿಲ್ಲ. ಒಮ್ಮೆ ಯಾರನ್ನೋ ಕಚ್ಚಿದ ನಾಯಿಯನ್ನು ಭಯದಿಂದಲೇ ಕಟ್ಟುತ್ತಾರೆ. ಮಲೆನಾಡಿನ ಒಂಟಿಮನೆಗಳಲ್ಲಿ ಚಿರತೆಯ ಕಾಟವಿರುವುದರಿಂದ ರಾತ್ರಿ ನಾಯಿಯನ್ನು ಗೂಡಿನಲ್ಲಿ ಕೂಡುವುದು ಅದರ ಜೀವ ಉಳಿಸುವ ಕೆಲಸವೇ ಆಗಿದೆ, ಅದನ್ನು ನಿರ್ಲಕ್ಷ್ಯವೆನ್ನಲಾಗದು. ಆದರೆ ಕಟ್ಟಿಹಾಕಿದರೆ ಕಚ್ಚುವುದು ತಪ್ಪುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಅಮೆರಿಕದ ಡೆನ್ವರ್ ನಗರದಲ್ಲಿ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಚ್ಚಿದ ನಾಯಿಗಳ ಪೈಕಿ ಅಂಗಳದಲ್ಲಿ ಕಟ್ಟಿಹಾಕಿದವುಗಳ ಪ್ರಮಾಣ ಕಚ್ಚದ ನಾಯಿಗಳಿಗಿಂತ ಸ್ಪಷ್ಟವಾಗಿ ಹೆಚ್ಚಿತ್ತು. ಓಡಿಹೋಗಲು ದಾರಿಯಿಲ್ಲದ ಪ್ರಾಣಿಗೆ ಹತ್ತಿರ ಬಂದವರ ಮೇಲೆ ಎರಗುವುದೊಂದೇ ಉಳಿದಿರುತ್ತದೆ. ಮಕ್ಕಳಿರುವ ಮನೆಯವರಿಗೆ ಈ ಮಾತು ಬೇಗ ನಾಟುತ್ತದೆ.

ಮಾತನ್ನು ದೂರಿನಿಂದ ಶುರು ಮಾಡಬೇಡಿ. "ಅಮ್ಮಾ, ನಾನು ಹಿಂದಿನ ಮನೆಯಲ್ಲಿರೋದು, ನಿಮ್ಮ ನಾಯಿ ಹೆಸರೇನು? ಮಧ್ಯಾಹ್ನ ಅದರ ನೀರು ಚೆಲ್ಲಿಹೋಗುತ್ತೆ, ನಾನು ಗೋಡೆ ಮೇಲಿಂದ ತುಂಬಿಸಿದರೆ ಆಗಬಹುದಾ?" ಎಂದು ಕೇಳಿದರೆ ಸಾಕು, ಅವರು ನಿಮ್ಮನ್ನು ತಪ್ಪು ಹುಡುಕಲು ಬಂದವರೆಂದು ಭಾವಿಸುವುದಿಲ್ಲ. ಮೊದಲ ಸಲ ಒಂದೇ ಒಂದು ಬದಲಾವಣೆ ಕೇಳಿ. ಮಗುಚದಂಥ ಭಾರದ ಕಲ್ಲಿನ ಬಾನಿ, ಮೇಲೆ ನೆರಳಿಗೊಂದು ಟಾರ್ಪಾಲು, ಮಳೆಗಾಲದಲ್ಲಿ ನೆಲದಿಂದ ಎತ್ತರಿಸಿದ ಹಲಗೆ, ಕೊರಳಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಹೋಗುವಷ್ಟು ಸಡಿಲ, ಇವು ಯಾವ ಮನೆಗೂ ಹೊರೆಯಲ್ಲ. ಕಟ್ಟಲೇಬೇಕೆನ್ನುವವರಿಗೆ ನಾನು ಹೇಳುವ ಉಪಾಯ ತೋಟದ ಮನೆಗಳದ್ದು: ಎರಡು ಕಂಬಗಳ ನಡುವೆ ಬಿಗಿಯಾಗಿ ತಂತಿ ಎಳೆದು, ಅದರಲ್ಲಿ ಒಂದು ಬಳೆ ಪೋಣಿಸಿ, ಸರಪಳಿಯನ್ನು ಬಳೆಗೆ ಸಿಕ್ಕಿಸಿದರೆ ನಾಯಿ ತಂತಿಯುದ್ದಕ್ಕೂ ಓಡಾಡುತ್ತದೆ. ಸರಪಳಿ ಸುತ್ತಿಕೊಳ್ಳುವ ಗಿಡವಾಗಲಿ, ನಾಯಿ ಹಾರಿದರೆ ನೇತುಬೀಳುವಂಥ ಗೋಡೆಯಾಗಲಿ ಹತ್ತಿರ ಇರಬಾರದು. ಇದು ಬಿಡುಗಡೆಯಲ್ಲ, ದಿನಕ್ಕೆ ಎರಡು ಸಲದ ನಡಿಗೆಗೆ ಬದಲೂ ಅಲ್ಲ, ಆದರೆ ನಾಲ್ಕಡಿ ಸರಪಳಿಗಿಂತ ಎಷ್ಟೋ ಮೇಲು. ನಮ್ಮ ಬೀದಿಯ ವೃದ್ಧ ದಂಪತಿಯ ನಾಯಿಯನ್ನು ಎದುರು ಮನೆಯ ಕಾಲೇಜು ಹುಡುಗ ಸಂಜೆ ನಡೆಸಲು ಒಪ್ಪಿದ ಮೇಲೆ, ರಾತ್ರಿಯಿಡೀ ಇದ್ದ ಅದರ ಬೊಗಳು ತಾನಾಗಿಯೇ ಕಡಿಮೆಯಾಯಿತು. ನಾಯಿಯ ಬಗ್ಗೆ ಕನಿಕರವಿಲ್ಲದ ನೆರೆಯವರೂ ಇದರಿಂದ ನಮ್ಮ ಪರ ನಿಂತರು.

ಮಾತಿಗೆ ಬಗ್ಗದಿದ್ದರೆ ಕಾನೂನು ಇದೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯ 11ನೆಯ ಸೆಕ್ಷನ್ ಪ್ರಕಾರ ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಅನುಚಿತವೆನಿಸುವಷ್ಟು ಹೊತ್ತು ಕಟ್ಟುವುದು, ಸದಾ ಕಟ್ಟಿರುವ ನಾಯಿಗೆ ವ್ಯಾಯಾಮ ಕೊಡದಿರುವುದು, ಸಾಕಷ್ಟು ಅನ್ನ, ನೀರು, ಆಸರೆ ಒದಗಿಸದಿರುವುದು, ಎಲ್ಲವೂ ಅಪರಾಧ. ಆದರೆ ಮೊದಲ ತಪ್ಪಿಗೆ ಆ ಕಾಯಿದೆ ಹೇಳುವ ದಂಡ 10ರಿಂದ 50 ರೂಪಾಯಿ ಮಾತ್ರ, ಇಂದು ಒಂದು ಸರಪಳಿಯೂ ಆ ಹಣಕ್ಕೆ ಸಿಗುವುದಿಲ್ಲ ಎಂಬುದು ನನಗೆ ತೀವ್ರ ನೋವಿನ ಸಂಗತಿ. ಇನ್ನೂ ಒಂದು ತೊಡಕಿದೆ: ಈ ಅಪರಾಧಗಳು ಪೊಲೀಸರು ತಾವಾಗಿಯೇ ಬಂಧಿಸಿ ತನಿಖೆ ಮಾಡಬಲ್ಲ ವರ್ಗಕ್ಕೆ ಸೇರಿಲ್ಲ, ಠಾಣೆಯಲ್ಲಿ ದೂರು ದಾಖಲಿಸಿಕೊಂಡು, ಮುಂದಿನ ತನಿಖೆಗೆ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕಾಗುತ್ತದೆ. ಘಟನೆ ನಡೆದ ಮೂರು ತಿಂಗಳೊಳಗೆ ಮೊಕದ್ದಮೆ ಹೂಡದಿದ್ದರೆ 36ನೆಯ ಸೆಕ್ಷನ್ ಪ್ರಕಾರ ಅವಧಿ ಮೀರಿದಂತಾಗುತ್ತದೆ. ದಿನಾಂಕ ಬರೆದಿಡಿ ಎಂದು ಮೇಲೆ ಹೇಳಿದ್ದು ಇದಕ್ಕಾಗಿಯೇ. ಲಿಖಿತ ದೂರನ್ನು ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಪ್ರತಿಯನ್ನು ಜಿಲ್ಲಾ ಪ್ರಾಣಿ ದಯಾ ಸಂಘಕ್ಕೂ ಪಶುಪಾಲನಾ ಇಲಾಖೆಗೂ ಕಳುಹಿಸಿ. ವಿಷ ಹಾಕುವುದು, ಅಂಗ ಊನ ಮಾಡುವುದು, ಕೊಲ್ಲುವುದು ಮಾತ್ರ ಬೇರೆಯೇ ವಿಷಯ. ಭಾರತೀಯ ನ್ಯಾಯ ಸಂಹಿತೆಯ 325ನೆಯ ಸೆಕ್ಷನ್ ಅದಕ್ಕೆ ಐದು ವರ್ಷಗಳವರೆಗೆ ಸೆರೆವಾಸ ವಿಧಿಸುತ್ತದೆ. ಅಂಥದ್ದು ಕಂಡರೆ ತಡಮಾಡದೆ 112ಕ್ಕೆ ಕರೆ ಮಾಡಿ.

ರಾತ್ರಿ ಹೋಗಿ ಬಿಚ್ಚಿಬಿಡುವ ಆಲೋಚನೆಯನ್ನು ದಯವಿಟ್ಟು ಕೈಬಿಡಿ. ವರ್ಷಗಟ್ಟಲೆ ಕಟ್ಟಿಹಾಕಿದ ನಾಯಿಗೆ ವಾಹನ ಗೊತ್ತಿಲ್ಲ, ಬೀದಿನಾಯಿಗಳ ಎಲ್ಲೆ ಗೊತ್ತಿಲ್ಲ; ಅದಕ್ಕೆ ರೇಬಿಸ್ ಲಸಿಕೆ ಆಗಿದೆಯೋ ಇಲ್ಲವೋ ನಿಮಗೂ ಗೊತ್ತಿಲ್ಲ. ಅದು ಸಿಕ್ಕಿಬಿದ್ದು ಮರಳಿ ಬಂದರೆ ಸರಪಳಿ ಇನ್ನಷ್ಟು ಗಿಡ್ಡವಾಗುತ್ತದೆ, ನಿಮ್ಮ ಮೇಲೆ ಕಳವಿನ ದೂರೂ ಬರಬಹುದು. ಬಾಡಿಗೆಗಿರುವ ನಿಮಗೆ ಅದು ಮನೆ ಬಿಡುವ ತನಕವೂ ಹೋಗಬಹುದು. ಮನೆಯವರಿಗೆ ನಾಯಿಯೇ ಬೇಡವಾಗಿದ್ದರೆ ಅದನ್ನು ಅವರ ಬಾಯಿಂದ ಹೇಳಿಸಿ, ಬಿಟ್ಟುಕೊಡುತ್ತೇವೆಂದು ಬರೆಸಿಕೊಂಡು, ಲಸಿಕೆ ಮತ್ತು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಬೇರೊಂದು ಮನೆ ಹುಡುಕಬಹುದು. ಬೆಂಗಳೂರಿನಲ್ಲಿ 1991ರಿಂದ ಇರುವ ಕ್ಯೂಪಾದಂಥ ಪ್ರಾಣಿ ಕಲ್ಯಾಣ ಸಂಸ್ಥೆಗಳ ಸಲಹೆ ಕೇಳಿ, ಆದರೆ ಅವರ ಆಶ್ರಯತಾಣದಲ್ಲಿ ಜಾಗ ಸಿಕ್ಕೇ ಸಿಗುತ್ತದೆಂದು ಎಣಿಸಬೇಡಿ.

ಈ ವಾರ ನೀವು ಮಾಡಬಹುದಾದದ್ದು ಇಷ್ಟು: ನೀರು ಹಾಕಲು ಅನುಮತಿ ಕೇಳಿ, ಕುತ್ತಿಗೆಯನ್ನು ಹತ್ತಿರದಿಂದ ನೋಡಿ. ನಾಯಿ ತೀರಾ ಬಡಕಲಾಗಿದ್ದರೆ ಒಂದೇ ಸಲ ಹೊಟ್ಟೆ ಬಿರಿಯೆ ಹಾಕಬೇಡಿ. ಬಹುಕಾಲ ಹಸಿದ ದೇಹಕ್ಕೆ ದಿಢೀರನೆ ಬಂದ ಊಟವೂ ಅಪಾಯ ತರುತ್ತದೆ, ಪಶುವೈದ್ಯರನ್ನು ಕೇಳಿ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ. ಕೊರಳಪಟ್ಟಿ ಹೂತಿರುವುದು ಕಂಡರೆ ನೀವೇ ಎಳೆದು ತೆಗೆಯದೆ, ಮನೆಯವರನ್ನು ಒಪ್ಪಿಸಿ, ಅವರ ಜೊತೆಗೆ ನೀವೂ ಆಟೋದಲ್ಲಿ ಪಶು ಆಸ್ಪತ್ರೆಗೆ ಹೋಗಿ.