ಆರೂವರೆ ವರ್ಷದ ಮಗ ಮತ್ತೆ ಹಾಸಿಗೆ ಒದ್ದೆ ಮಾಡ್ತಿದಾನೆ, ಏನ್ ಮಾಡ್ಲಿ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ, ನಮ್ದು ದಾವಣಗೆರೆ. ಮಗ ಮೂರು ವರ್ಷಕ್ಕೇ ಹಾಸಿಗೆ ಒದ್ದೆ ಮಾಡೋದು ಬಿಟ್ಟಿದ್ದ, ಈಗ ಎರಡು ತಿಂಗಳಿಂದ ವಾರಕ್ಕೆ ನಾಲ್ಕೈದು ದಿನ ಉಚ್ಚೆ ಮಾಡ್ಕೋತಿದಾನೆ. ಅವನಿಗೆ ತಂಗಿ ಹುಟ್ಟಿ ಐದು ತಿಂಗಳಾಯ್ತು, ಜೂನಲ್ಲಿ ಸ್ಕೂಲೂ ಬದಲಾಯ್ತು. ನಮ್ಮತ್ತೆ ಬಂದವರ ಮುಂದೆಲ್ಲ ಹೇಳ್ಕೊಂಡು ನಗ್ತಾರೆ, ನಾನೂ ಒಂದಿನ ಸಿಟ್ಟಲ್ಲಿ ಎರಡೇಟು ಹಾಕ್ಬಿಟ್ಟೆ. ಇದು ಸೋಮಾರಿತನಾನಾ, ಕಾಯಿಲೆನಾ?

ಉತ್ತರ: ಸೋಮಾರಿತನ ಅಲ್ವೇ ಅಲ್ಲಮ್ಮ, ನಿದ್ದೇಲಿ ಆಗೋದು ಅವನ ಕೈಲಿಲ್ಲ. ಐದು ವರ್ಷದ 100 ಮಕ್ಕಳಲ್ಲಿ ಸುಮಾರು 15 ಮಕ್ಕಳು ರಾತ್ರಿ ಒದ್ದೆ ಮಾಡ್ತಾರೆ, ಹೆಚ್ಚಿನವ್ರಿಗೆ ತಾನಾಗೇ ಸರಿಹೋಗತ್ತೆ. ಆದ್ರೆ ಆರು ತಿಂಗಳಿಗಿಂತ ಜಾಸ್ತಿ ಹಾಸಿಗೆ ಒದ್ದೆ ಮಾಡ್ದೇ ಇದ್ದ ಮಗು ಮತ್ತೆ ಶುರು ಮಾಡಿದ್ರೆ ಏನೋ ಕಾರಣ ಇದ್ಯಾ ಅಂತ ಹುಡುಕ್ಬೇಕು, ನಿಮ್ಮ ಮಗಂದು ಇದೇ ಥರ.

ಮೊದ್ಲು ಮಕ್ಕಳ ಡಾಕ್ಟರ್ ಹತ್ರ ಹೋಗಿ ಯೂರಿನ್ ಟೆಸ್ಟ್ ಮಾಡ್ಸಿ, ಇನ್ಫೆಕ್ಷನ್ ಇದ್ರೆ ಗೊತ್ತಾಗತ್ತೆ. ಸಿಕ್ಕಾಪಟ್ಟೆ ನೀರು ಕುಡೀತಿದಾನಾ, ಹಗಲಲ್ಲೂ ಪದೇಪದೇ ಒಂದಕ್ಕೆ ಹೋಗ್ತಾನಾ, ತೂಕ ಇಳ್ದಿದ್ಯಾ, ಸುಸ್ತಾ? ಇದ್ರಲ್ಲಿ ಒಂದಿದ್ರೂ ಅವತ್ತೇ ಶುಗರ್ ಚೆಕ್ ಮಾಡ್ಸಿ, ನಾಳೆ ಅನ್ಬೇಡಿ, ಯಾಕಂದ್ರೆ ಮಕ್ಕಳಿಗೆ ಬರೋ ಟೈಪ್ 1 ಡಯಾಬಿಟಿಸ್ ಎಷ್ಟೋ ಸಲ ಹೀಗೇ ಶುರುವಾಗತ್ತೆ. ಜೊತೆಗೆ ವಾಂತಿ, ಏದುಸಿರು ಬಂದ್ರೆ ಸೀದಾ ಎಮರ್ಜೆನ್ಸಿಗೆ ಕರ್ಕೊಂಡ್ ಹೋಗಿ.

ಎಲ್ರೂ ಮರೆಯೋದು ಮಲಬದ್ಧತೆ. ಹೊಟ್ಟೇಲಿ ಗಟ್ಟಿಯಾಗಿ ಕೂತಿರೋ ಮಲ ಮೂತ್ರಚೀಲನ ಒತ್ತತ್ತೆ, ಅದು ಸರಿಯಾದ್ರೆ ಹಾಸಿಗೇನೂ ಒಣಗೋದನ್ನ ನಾನು ಬೇಕಾದಷ್ಟು ನೋಡಿದೀನಿ. ಹೊಸ ಸ್ಕೂಲಲ್ಲಿ ಟಾಯ್ಲೆಟ್ ಹೇಗಿದೆ, ಮಿಸ್ ಬಿಡ್ತಾರಾ ಅಂತನೂ ಕೇಳಿ, ಗಲೀಜಿದೆ ಅಂತ ಎಷ್ಟೋ ಮಕ್ಕಳು ನೀರೇ ಕುಡೀದೆ ಬೆಳಿಗ್ಗೆಯಿಂದ ತಡ್ಕೊಂಡಿದ್ದು ಮನೆಗೆ ಬಂದು ಸಂಜೆ ಮೇಲೆ ಗಟಗಟ ಕುಡೀತಾರೆ, ಆಮೇಲೆ ರಾತ್ರಿ ಆಗೋದೇ ಇದು. ನೀರೆಲ್ಲ ಹಗಲಲ್ಲೇ ಕುಡೀಲಿ, ಮಲಗೋ ಎರಡು ಗಂಟೆ ಮುಂಚೆ ಕಮ್ಮಿ ಮಾಡಿ, ರಾತ್ರಿ ಟೀ ಕೋಲಾ ಬೇಡ.

ಇನ್ನು ಮನಸ್ಸಿನ ವಿಷ್ಯ. ಅಮ್ಮನ ಮಡಿಲು ಹೋಯ್ತು, ಹಳೇ ಫ್ರೆಂಡ್ಸೂ ಹೋದ್ರು, ಎರಡೂ ಒಟ್ಟಿಗೆ. ಪಾಪು ಮಲಗಿದಾಗ ದಿನಾ ಹದಿನೈದು ನಿಮಿಷ ಅವನೊಬ್ಬನ ಜೊತೆ ಕೂತ್ಕೊಳ್ಳಿ, ಫೋನ್ ದೂರ ಇಡಿ. ಅತ್ತೆಯವ್ರಿಗೆ ನಿಮ್ಮೆಜಮಾನ್ರೇ ಹೇಳ್ಲಿ, "ಅಮ್ಮಾ, ಡಾಕ್ಟ್ರು ಇದನ್ನ ಯಾರ ಮುಂದೂ ಆಡ್ಬಾರ್ದು ಅಂದಿದಾರೆ" ಅಂತ ನನ್ನ ಮೇಲೇ ಹಾಕ್ಲಿ ಪರ್ವಾಗಿಲ್ಲ.

ಒಂದು ಮಾತು ಹೇಳ್ಲೇಬೇಕು, ಗಾಬರಿ ಆಗ್ಬೇಡಿ. ವ್ಯಾನಲ್ಲೋ ಟ್ಯೂಷನ್ನಲ್ಲೋ ಯಾರಾದ್ರೂ ಹೆದರ್ಸಿದ್ರೂ, ಮೈ ಮುಟ್ಟಿ ಹಿಂಸೆ ಕೊಟ್ರೂ ಮಕ್ಕಳಲ್ಲಿ ಹೀಗಾಗ್ಬಹುದು. ಒಬ್ಬರನ್ನ ಕಂಡ್ರೆ ಮುದುಡ್ಕೋತಾನಾ, ಎಲ್ಲಿಗಾದ್ರೂ ಹೋಗಲ್ಲ ಅಂತ ಹಟ ಮಾಡ್ತಾನಾ ಗಮನಿಸಿ. ಪೊಲೀಸ್ ವಿಚಾರಣೆ ಥರ ಕೇಳ್ಬೇಡಿ, ಸ್ನಾನ ಮಾಡಿಸ್ತಾ "ನಿಂಗೆ ಇಷ್ಟ ಆಗ್ದೇ ಇರೋದನ್ನ ಯಾರಾದ್ರೂ ಮಾಡ್ತಾರಾ ಪುಟ್ಟಾ" ಅಂತ ಕೇಳಿ ಸುಮ್ನಿರಿ. ಏನಾದ್ರೂ ಹೇಳಿದ್ರೆ ಅವನ ಮಾತು ನಂಬಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಹಾಸಿಗೆ ಮೇಲೆ ರಬ್ಬರ್ ಶೀಟ್ ಹಾಕಿ, ಬೆಳಿಗ್ಗೆ ಏನೂ ಅನ್ನದೆ ಬಟ್ಟೆ ಬದಲಾಯ್ಸಿ. ಹೊಡ್ದಿದ್ದಕ್ಕೆ "ಅಮ್ಮಂದು ತಪ್ಪಾಯ್ತು ಕಂದ" ಅಂತ ಇವತ್ತೇ ಅವನಿಗೆ ಹೇಳಿ. ಇವತ್ತಿಂದ ಯಾವ ರಾತ್ರಿ ಒದ್ದೆ, ಯಾವತ್ತು ಎರಡಕ್ಕೆ ಹೋದ ಅಂತ ಒಂದು ಪುಸ್ತಕದಲ್ಲಿ ಬರ್ಕೊಳ್ಳಿ, ಡಾಕ್ಟರ್ ಹತ್ರ ಹೋಗುವಾಗ ಮರೀದೆ ಅದನ್ನ ತಗೊಂಡ್ ಹೋಗಿ.