ಬಿಎಸ್ಸಿ ಓದುವ ಮಗಳಿಗೆ ಸರ್ಕಾರದ ದುಡ್ಡು ಸಿಗುತ್ತದೆಯೇ?

ಚಿತ್ರದುರ್ಗ ಜಿಲ್ಲೆಯ ಓದುಗರೊಬ್ಬರು ಬರೆದಿದ್ದಾರೆ. ಮಗಳಿಗೆ ದ್ವಿತೀಯ ಪಿಯುಸಿಯಲ್ಲಿ 571 ಅಂಕ ಬಂದಿದೆ. ಗಣಿತ ಇಷ್ಟ, ಬಿಎಸ್ಸಿ ಮಾಡುತ್ತೇನೆ ಅನ್ನುತ್ತಾಳೆ. ನೆಂಟರು ‘ಇಷ್ಟು ಮಾರ್ಕ್ಸ್ ಇಟ್ಕೊಂಡು ಬಿಎಸ್ಸೀನಾ?’ ಅಂತ ಕಾಲೆಳೆಯುತ್ತಿದ್ದಾರಂತೆ. ವಿಜ್ಞಾನ ಓದುವವರಿಗೆ ಸರ್ಕಾರ ವರ್ಷಕ್ಕೆ 80,000 ಕೊಡುವುದು ನಿಜವೇ ಎನ್ನುವುದು ಅವರ ಪ್ರಶ್ನೆ.

ನಮಸ್ಕಾರ ಸರ್. ನಿಜ. ಆ ಯೋಜನೆಯ ಹೆಸರು ಇನ್‌ಸ್ಪೈರ್. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯದ್ದು, 2008ರಲ್ಲಿ ಶುರುವಾಯಿತು. ವರ್ಷಕ್ಕೆ 60,000 ರೂಪಾಯಿ ಓದಿನ ಖರ್ಚಿಗೆ. ಉಳಿದ 20,000 ಬೇಸಿಗೆ ರಜೆಯಲ್ಲಿ ಮಾಡುವ ಸಂಶೋಧನಾ ಪ್ರಾಜೆಕ್ಟಿಗೆ. ಬಿಎಸ್ಸಿ, ಎಂಎಸ್ಸಿ ಸೇರಿ ಐದು ವರ್ಷದವರೆಗೆ ಸಿಗಬಹುದು. ಮನೆಯ ಆದಾಯ ಕೇಳುವುದಿಲ್ಲ.

ಬಾಗಿಲು ಮಾತ್ರ ಕಿರಿದು. ಆಯಾ ಬೋರ್ಡಿನ ಪರೀಕ್ಷೆಯಲ್ಲಿ ಮೊದಲ ಶೇಕಡಾ 1ರೊಳಗೆ ಇರಬೇಕು. ಈ ಕಟ್‌ಆಫ್ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಹಾಗಾಗಿ 571 ಸಾಕೋ ಇಲ್ಲವೋ ಎನ್ನುವುದನ್ನು ಈ ವರ್ಷದ ಪಟ್ಟಿಯೇ ಹೇಳಬೇಕು. ಜೆಇಇ, ನೀಟ್‌ನಲ್ಲಿ ಮೊದಲ 10,000 ರ‍್ಯಾಂಕ್‌ನೊಳಗೆ ಬಂದೂ ಮೂಲವಿಜ್ಞಾನಕ್ಕೆ ಸೇರಿದವರಿಗೆ ಬೇರೆ ದಾರಿ ಇದೆ.

ಎರಡು ಕಡೆ ಹುಷಾರಾಗಿರಿ. ಪಿಯುಸಿ ಮುಗಿಸಿದ ವರ್ಷವೇ ಡಿಗ್ರಿಗೆ ಸೇರಬೇಕು. ‘ಒಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್ ತಗೊಳ್ಲಿ, ನೀಟ್ ಆಗದಿದ್ರೆ ಬಿಎಸ್ಸಿ ಇದ್ದೇ ಇದೆ’ ಅನ್ನುವ ಲೆಕ್ಕ ಇಲ್ಲಿ ಕೈಕೊಡುತ್ತದೆ. ಬಿಎಸ್ಸಿ ಇರುತ್ತದೆ, ಇನ್‌ಸ್ಪೈರ್ ಇರುವುದಿಲ್ಲ. ಇನ್ನೊಂದು, ಬಿಎಸ್ಸಿ ಅಂದ ಮಾತ್ರಕ್ಕೆ ಎಲ್ಲ ವಿಷಯಕ್ಕೂ ಇದು ಸಿಗದು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ, ಭೂವಿಜ್ಞಾನ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಹೀಗೆ 18 ವಿಷಯಗಳ ಪಟ್ಟಿ ಇದೆ. ಕಂಪ್ಯೂಟರ್ ಸೈನ್ಸ್, ಬಯೋಟೆಕ್ನಾಲಜಿ ಅದರಲ್ಲಿಲ್ಲ. ಕಾಲೇಜಿನವರು ‘ಈಗ ಇದಕ್ಕೇ ಡಿಮ್ಯಾಂಡು’ ಅಂತ ಯಾವುದೋ ಕಾಂಬಿನೇಷನ್ ಕೊಡುವ ಮುಂಚೆ ಪಟ್ಟಿ ನೋಡಿಕೊಳ್ಳಿ.

ನನ್ನನ್ನು ಕೇಳಿದರೆ, 60,000ಕ್ಕಿಂತ ಆ 20,000ವೇ ದೊಡ್ಡದು. ಹಳ್ಳಿಯಿಂದ ಬಂದ ಹುಡುಗಿ ಒಂದೂವರೆ ಎರಡು ತಿಂಗಳು ಒಬ್ಬ ವಿಜ್ಞಾನಿಯ ಕೈಕೆಳಗೆ ಕೆಲಸ ಮಾಡುವ ಅವಕಾಶ ಅದು. ಭಾರತೀಯ ವಿಜ್ಞಾನ ಸಂಸ್ಥೆ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ, ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ ಎಲ್ಲವೂ ನಮ್ಮ ಬೆಂಗಳೂರಲ್ಲೇ ಇವೆ. ಮೊದಲ ವರ್ಷದಿಂದಲೇ ಅಲ್ಲಿನವರಿಗೆ ಪತ್ರ ಬರೆಯಲು ಮಗಳಿಗೆ ಹೇಳಿ. ಉತ್ತರ ಬಾರದಿದ್ದರೆ ಬೇಜಾರು ಬೇಡ, ಇನ್ನೊಬ್ಬರಿಗೆ ಬರೆಯಲಿ.

ಒಂದು ತಕರಾರು ನನಗೂ ಇದೆ. 1999ರಿಂದ ಕೆವಿಪಿವೈ ಎಂಬ ಇನ್ನೊಂದು ಯೋಜನೆ ಇತ್ತು, ನಡೆಸುತ್ತಿದ್ದದ್ದು ಭಾರತೀಯ ವಿಜ್ಞಾನ ಸಂಸ್ಥೆ. ಬೋರ್ಡಿನ ಅಂಕದ ಮೇಲೆ ಆರಿಸುತ್ತಿರಲಿಲ್ಲ, ತನ್ನದೇ ಪರೀಕ್ಷೆ ಇಟ್ಟು ಯೋಚನೆಯನ್ನು ಅಳೆಯುತ್ತಿತ್ತು. 2022ರಲ್ಲಿ ಅದನ್ನು ಇನ್‌ಸ್ಪೈರ್ ಜೊತೆ ಸೇರಿಸಿದರು. ಉರು ಹೊಡೆಯದೆ ತಲೆ ಓಡಿಸುವ ಮಕ್ಕಳಿಗಿದ್ದ ದಾರಿ ಅಲ್ಲಿಗೆ ಮುಚ್ಚಿತು. ನಮ್ಮ ರಾಜ್ಯದ ಕಥೆಯೂ ಅಷ್ಟಕ್ಕಷ್ಟೆ. ರೈತರ ಮಕ್ಕಳಿಗೆ ಅಂತ 2021ರಲ್ಲಿ ಬಂದ ರೈತ ವಿದ್ಯಾನಿಧಿಯಲ್ಲಿ ಬಿಎಸ್ಸಿ ಓದುವ ಹುಡುಗಿಗೆ 5,500 ಇಟ್ಟರು, ಎಂಜಿನಿಯರಿಂಗ್ ಹುಡುಗಿಗೆ 11,000. ಅಲ್ಲಿ ಫೀಸು ಜಾಸ್ತಿ, ಒಪ್ಪೋಣ. ಆದರೆ ನಿಮ್ಮ ನೆಂಟರ ಮಾತಿಗೆ ಸರ್ಕಾರವೂ ಸುಮ್ನೆ ತಲೆಯಾಡಿಸಿದ ಹಾಗಾಯಿತು, ಅಲ್ವಾ?

ಇನ್‌ಸ್ಪೈರ್ ತಪ್ಪಿದರೆ ಕೇಂದ್ರದ ಇನ್ನೊಂದು ವಿದ್ಯಾರ್ಥಿವೇತನ ಇದೆ. ಡಿಗ್ರಿಗೆ ವರ್ಷಕ್ಕೆ 12,000. ಮನೆಯ ಆದಾಯ ನಾಲ್ಕೂವರೆ ಲಕ್ಷ ದಾಟಿರಬಾರದು. ಬೋರ್ಡಿನಲ್ಲಿ ನೂರಕ್ಕೆ ಎಂಬತ್ತು ಮಕ್ಕಳಿಗಿಂತ ಮುಂದಿರಬೇಕು. ವಿಜ್ಞಾನ, ವಾಣಿಜ್ಯ, ಕಲೆಗೆ 3:2:1ರ ಲೆಕ್ಕದಲ್ಲಿ ಹಂಚುತ್ತಾರೆ, ಅರ್ಧ ಹೆಣ್ಣುಮಕ್ಕಳಿಗೆ. ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ.

ಸೈಬರ್ ಸೆಂಟರಿನಲ್ಲಿ ಒಬ್ಬರು ‘2,000 ಕೊಡಿ, ಇನ್‌ಸ್ಪೈರ್ ಮಾಡಿಸಿಕೊಡ್ತೀನಿ’ ಅಂದರು ಅಂತಲೂ ಬರೆದಿದ್ದೀರಿ. ಹತ್ತನೇ ತರಗತಿ ಮತ್ತು ಪಿಯುಸಿ ಅಂಕಪಟ್ಟಿ, ಪ್ರಾಂಶುಪಾಲರು ಸಹಿ ಮಾಡಿದ ದೃಢೀಕರಣ ಪತ್ರ ಕೈಯಲ್ಲಿದ್ದರೆ ಮಗಳೇ ತುಂಬಬಹುದು. ಸ್ಕ್ಯಾನು, ಪ್ರಿಂಟಿಗೆ ಎಷ್ಟಾಗುತ್ತದೋ ಅಷ್ಟು ಕೊಡಿ. ಮಾಡಿಸಿಕೊಡುವುದಕ್ಕೆ ಅಂತ ಒಂದು ರೂಪಾಯಿಯೂ ಬೇಡ.

– ಸಂಪಾದಕ